ಮೋರಿ ಎಂದರೆ ಕಾಡು

ಜೇವರ್ಗಿಯ ಆ ಪದವಿ ಕಾಲೇಜಿನ ಪ್ರಿನ್ಸಿಪಾಲ ಜಯತೀರ್ಥರಿಗೆ ಎಲ್ಲರನ್ನೂ ಅಡ್ಡಹೆಸರಿನಿಂದ ಕರೆಯುವ ರೂಢಿ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಕುಲಕರ್ಣಿಯವರ, ಬರ್ರಿ", "ದೇಶಮುಖರ, ಒಂದ್ ನಿಮಿಷ್ರಿ" ಎಂದು ಅವರು ಕೂಗಿದರೆ ಹಳೆಯ ಜಹಗೀರೊಂದರ ದರ್ಬಾರು ತೆರೆದಂತೆ ಇರುತ್ತಿತ್ತು. ಇತಿಹಾಸ ಕಲಿಸುವ ಪಂಚಶೀಲಾ ಒಬ್ಬಳೇ ಅವರಿಗೆ "ಪಂಚಶೀಲಾ ಮೇಡಂ". ಅದು ಸಲಿಗೆಯಲ್ಲ, ಪ್ರೀತಿಯಂತೂ ಅಲ್ಲವೇ ಅಲ್ಲ. ಅವಳ ಮನೆತನದ ಹೆಸರು ಮೋರಿ. ಸಂಧ್ಯಾವಂದನೆ ಮಾಡುವ ಬಾಯಿಂದ ಆ ಮಾತು ಹೊರಡಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಹಾಗೆ ಹೊರಡಿಸದೆ ಇರುವುದನ್ನು ಅವರು ತಮ್ಮ ಸಂಸ್ಕಾರ ಎಂದುಕೊಂಡಿದ್ದರು. ಸ್ಟಾಫಿನ ಫಲಕದ ಮೇಲೂ ಅವಳು ಬರೀ "ಪಂಚಶೀಲಾ ಎ. ಎಂ." ಆ ಎಂ ಅಕ್ಷರದ ಮೇಲೆ ಜಯತೀರ್ಥರು ಪಂಚೆ ಎಳೆದು ಮುಚ್ಚಿದ್ದಾರೆ ಎಂದು ಅವಳಿಗೆ ಪ್ರತಿಸಲ ಅನ್ನಿಸುತ್ತಿತ್ತು. ಒಳಗೆ ಇರುವುದು ಗೊತ್ತಿದ್ದವರೇ ಅದನ್ನು ಹೆಚ್ಚು ಮುಚ್ಚುತ್ತಾರೆ.

ಹೆಸರು ಬಂದದ್ದು ಅಫಜಲಪುರ ತಾಲೂಕಿನ ಮಣ್ಣೂರಿನಿಂದ. ಮೇಲೋಣಿಯ ಮನೆಗಳ ಬಚ್ಚಲ ನೀರೆಲ್ಲ ಕೂಡಿ ಭೀಮೆಯ ಕಡೆಗೆ ಇಳಿಯುವ ಮೋರಿ ಪಂಚಶೀಲಾಳ ಮುತ್ತಜ್ಜನ ಹೊಸ್ತಿಲಿನ ಮುಂದೆಯೇ ಹಾಯುತ್ತಿತ್ತು. ಅವಳ ಅಪ್ಪ ಅಣ್ಣಾರಾಯನನ್ನು ಸಾಲಿಗೆ ಹಚ್ಚಿದ ದಿನ ಮಾಸ್ತರ "ಯಾವ ಮನಿಯಂವ ಲೇ?" ಎಂದು ಕೇಳಿದ. ಹುಡುಗ "ಮೋರಿ ಮನಿಯಂವ್ರಿ" ಅಂದ. ಮಾಸ್ತರ ಬರೆದುಕೊಂಡ. ಒಂದು ಮನೆತನಕ್ಕೆ ಹೆಸರು ಹುಟ್ಟಲು ಇಷ್ಟು ಸಾಕಾಯಿತು. ಮುಂದೆ ಅಣ್ಣಾರಾಯ ದೀಕ್ಷೆ ತೆಗೆದುಕೊಂಡು ಬೌದ್ಧನಾದ. ಗೋಡೆಯ ಮೇಲಿನ ದೇವರ ಪಟಗಳು ಹೋದವು, ಬುದ್ಧ ಬಂದ, ಆಗ ಹುಟ್ಟಿದ ಮಗಳಿಗೆ ಪಂಚಶೀಲಾ ಎಂಬ ಹೆಸರು ಬಂತು. ಮೋರಿ ಮಾತ್ರ ಹಾಗೆಯೇ ಉಳಿಯಿತು.

ಅದನ್ನೂ ಈಗ ತೆಗೆದುಬಿಡಬೇಕು ಎಂದು ಹೊರಟವನು ಅಣ್ಣ ಜಗದೇವ. ಆಳಂದದಲ್ಲಿ ವಕೀಲ. ಜಿಡಗಾ ರಸ್ತೆಯಲ್ಲಿ ಮನೆ ಕಟ್ಟಿಸಿದ್ದ, ಅವ್ವ ಸಾಬವ್ವನೂ ಅಲ್ಲಿಯೇ ಇದ್ದಳು. ಬಾಗಿಲ ಮೇಲೆ ಕೂಡಿಸಲು ಕರಿಕಲ್ಲಿನಲ್ಲಿ "ಮೌರ್ಯ ನಿವಾಸ" ಎಂದು ಕೆತ್ತಿಸಿ ಇಟ್ಟಾಗಿತ್ತು. ಅಫಿಡವಿಟ್ ಸಿದ್ಧವಿತ್ತು. ಅಪ್ಪ ಈಗ ಇಲ್ಲ. ಅವ್ವ, ತಾನು, ತಂಗಿ ಮೂವರೂ ಕೂಡಿ ಸಹಿ ಹಾಕಿ, ಕೂಡಿಯೇ ಮೌರ್ಯರಾಗಬೇಕು ಎಂಬುದು ಅವನ ಹಟ.

"ಮೋರಿ, ಮೋರಿಯ, ಮೌರ್ಯ," ಎಂದು ಅವನು ಫೋನಿನಲ್ಲಿ ಸಾಕ್ಷಿ ಹೇಳಿಸುವವನ ಹಾಗೆ ಬಿಡಿಸಿದ. "ಪಾಲಿ ಭಾಷಾದಾಗ ಬರೋಬ್ಬರಿ ಕೂಡ್ತದ. ಇತಿಹಾಸ ಓದಿದಾಕಿ ನೀನ, ನಿನಗ ನಾ ಹೇಳಬೇಕೇನು?"

"ಕೂಡ್ತದಣ್ಣಾ. ಮಣ್ಣೂರಾಗ ಸಾಮ್ರಾಟ ಅಶೋಕ ಬಚ್ಚಲ ತೊಳಿಯಾಕ ಬಂದಿದ್ದ ಅಂತ ಒಂದು ಶಾಸನ ಸಿಕ್ಕರ ಪೂರಾ ಕೂಡ್ತದ."

"ನಿನಗ ನಗಿ. ನನ್ನ ಮಗಳಿಗೆ ಸಾಲ್ಯಾಗ ಮೋರಿಹುಳ ಅಂತಾರ, ಗೊತ್ತದನು?"

ಗೊತ್ತಿತ್ತು. ಅವಳಿಗೂ ಅಂದಿದ್ದರು. ಆದರೆ ಅಂದವರ ಹೆಸರು ಬದಲಾಗಬೇಕೇ ಹೊರತು ಅನ್ನಿಸಿಕೊಂಡವರದಲ್ಲ ಎಂಬುದು ಅವಳ ವಾದ. ಅಣ್ಣನ ಮೌರ್ಯವೂ ಪ್ರಿನ್ಸಿಪಾಲರ ಎಂ ಅಕ್ಷರವೂ ಅವಳ ಕಣ್ಣಿಗೆ ಒಂದೇ ಬಟ್ಟೆಯ ಎರಡು ತುಂಡು. ಅವಳು ಸಹಿ ಮಾಡುವುದಿಲ್ಲ ಎಂದಳು. ಸಾಬವ್ವ ಯಾವ ಕಡೆಗೂ ಬೀಳಲಿಲ್ಲ. "ಶೀಲಿ ಒಲ್ಲೆ ಅಂದ್ರ ನಾ ಹೆಂಗ ಮಾಡ್ಲಿ? ನೋಡೂಣು ತಡಿ," ಅಂದಳು. ಅವ್ವ ಸಹಿ ಮಾಡಿದರೆ ಹೆಸರು ಹೋದಂತೆಯೇ ಎಂದು ಪಂಚಶೀಲಾಳಿಗೆ ತಿಳಿದಿತ್ತು. ಅಣ್ಣ ಆ ಹೆಸರು ಬಿಟ್ಟು ಹೋದರೆ ಒಬ್ಬ ವಕೀಲ ಹೋದ, ಅಷ್ಟೇ. ಅವ್ವ ಹೋದರೆ ಆ ಮೋರಿಯ ದಂಡೆಯಲ್ಲಿ ಬಾಳಿದವರು ಯಾರೂ ಆ ಹೆಸರಿನಲ್ಲಿ ಉಳಿಯುವುದಿಲ್ಲ.

ಹೀಗೆ ಇರುವಾಗ ಜಪಾನಿನಿಂದ ಒಬ್ಬ ಮೋರಿ ಬಂದಳು.

ಸನ್ನತಿಯ ಬೌದ್ಧ ಶಿಲ್ಪಗಳನ್ನು ನೋಡಲು ಕಲಬುರಗಿಗೆ ಬಂದಿದ್ದ ಪ್ರೊಫೆಸರ್. ಹೆಸರು ಚಿಯೊ ಮೋರಿ. ದಾರಿಯಲ್ಲಿ ಒಂದು ತಾಸು ನಮ್ಮ ಕಾಲೇಜಿನಲ್ಲಿ ಮಾತನಾಡಲಿ ಎಂದು ಜಯತೀರ್ಥರು ಯಾರ್ಯಾರಿಂದಲೋ ಹೇಳಿಸಿ ಒಪ್ಪಿಸಿದ್ದರು. ಪರದೇಶದವರು ಬಂದರೆ ಕಾಲೇಜಿನ ದರ್ಜೆ ಏರುತ್ತದೆ, ಅವರು ಏನು ಮಾತನಾಡಿದರು ಎಂದು ಯಾರೂ ಕೇಳುವುದಿಲ್ಲ. ಬ್ಯಾನರ್ ಬರೆಸುವ ಹೊತ್ತಿಗೆ ಜಯತೀರ್ಥರು ಬೆವರಿದರು. ಪಂಚಶೀಲಾಳನ್ನು ಚೇಂಬರಿಗೆ ಕರೆಸಿದರು.

"ಮೇಡಂ, ಈ ಜಪಾನದವರ ಹೆಸರು... ಇದನ್ನ ಹೆಂಗ ಉಚ್ಚಾರ ಮಾಡ್ತಾರ್ರಿ?"

"ಬರದಾಂಗ್ರಿ ಸರ್. ಮೋರಿ."

"ಅಲ್ಲ, ದೀರ್ಘ ಗೀರ್ಘ ಏನರೆ...?"

"ನಮ್ಮ ಮನಿ ಹೆಸರಿನಾಂಗ್ರಿ."

ಜಯತೀರ್ಥರು ಫ್ಯಾನಿನ ಕಡೆ ನೋಡಿದರು. ಮರುದಿನ ಬಂದ ಬ್ಯಾನರಿನ ಮೇಲೆ ದೊಡ್ಡ ಅಕ್ಷರದಲ್ಲಿ "ಪ್ರೊ. ಚಿಯೊ ಎಂ., ಜಪಾನ" ಎಂದು ಇತ್ತು. ಸಮುದ್ರ ದಾಟಿ ಬಂದ ಹೆಂಗಸಿಗೂ ಅವರು ಇನಿಷಿಯಲ್ ಉಡಿಸಿದ್ದರು. ಪಂಚಶೀಲಾ ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಇಂಗ್ಲಿಷಿನ ಮನೀಷಾ ಕುಲಕರ್ಣಿ, "ಏನಾತ್ರಿ, ಆರಾಮ ಇದ್ದೀರಿಲ್ಲೋ?" ಎಂದು ನೀರಿನ ಬಾಟಲಿ ಕೊಟ್ಟಳು.

ಆ ಬ್ಯಾನರ್ ಗೋಡೆಗೆ ಏರಲೇ ಇಲ್ಲ. ಅತಿಥಿಯ ಪರಿಚಯ ಬರೆಯಲೆಂದು ಜಯತೀರ್ಥರು ಆ ಸಂಜೆ ಇಂಟರ್‌ನೆಟ್ಟಿನಲ್ಲಿ ಕೈಯಾಡಿಸಿದಾಗ ಅವರಿಗೆ ಒಂದು ಪುಟ ಸಿಕ್ಕಿತು. ಮೋರಿ ಎಂಬ ಅಡ್ಡಹೆಸರುಳ್ಳ ಜಪಾನಿನ ಗಣ್ಯರು. ಅದರಲ್ಲಿ ಒಬ್ಬ ಮಾಜಿ ಪ್ರಧಾನಿ ಇದ್ದ. ಗಣಿತದಲ್ಲಿ ಜಗತ್ತಿನ ದೊಡ್ಡ ಪದಕ ಪಡೆದವನಿದ್ದ. ಕೋಟೆ ಕಟ್ಟಿ ಆಳಿದ ಸರದಾರರಿದ್ದರು. ನಟಿಯರು, ಫುಟ್‌ಬಾಲ್ ಆಡುವವರು, ಓಟಗಾರರು. ಕೆಳಗೆ ಕೆಳಗೆ ಹೋದಂತೆ ಮೋರಿಗಳು ಮುಗಿಯಲಿಲ್ಲ. ಮೋರಿ ಎಂದರೆ ಜಪಾನಿ ಭಾಷೆಯಲ್ಲಿ ಕಾಡು ಎಂದೂ ಅಲ್ಲಿ ಬರೆದಿತ್ತು.

ಮರುದಿನ ಬೆಳಿಗ್ಗೆ ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೂಗಿದರು.

"ಮೋರಿಯವರ! ಬರ್ರಿ, ಬರ್ರಿ."

ಎಲ್ಲರೂ ತಲೆ ಎತ್ತಿದರು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಪ್ರಧಾನಮಂತ್ರಿಯೊಬ್ಬ ಬೆನ್ನಿಗೆ ಗುದ್ದಿದ ಕೂಡಲೇ ಹೊರಗೆ ಬಿದ್ದಿತ್ತು.

"ಇಷ್ಟು ದೊಡ್ಡ ಮನೆತನದ ಹೆಸರು ಇಟಗೊಂಡು ಸುಮ್ಮ ಕೂತೀರಲ್ರಿ," ಎಂದು ಅವರು ಮೊಬೈಲ್ ತೋರಿಸಿದರು. "ನೋಡ್ರಿ, ಎಲ್ಲಾ ಗಣ್ಯರು! ವೇದಿಕಿ ಮ್ಯಾಲ ಜಪಾನದ ಮೋರಿ, ಜೇವರ್ಗಿ ಮೋರಿ, ಇಬ್ಬರನ್ನೂ ಬಾಜೂ ಬಾಜೂ ಕೂಡಸ್ತೇನಿ. ಪೇಪರದವರಿಗೂ ಹೇಳೇನಿ."

ಗಣ್ಯರು. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಮಾರಂಭದಲ್ಲಿ ಮೊದಲ ಸಾಲಿನ ಸೋಫಾಗಳಿಗೆ ಬಿಳಿ ಬಟ್ಟೆ ಹೊದಿಸುವುದು ಈ ಗಣ್ಯರಿಗೇ. ಅಲ್ಲಿಯ ಲಕ್ಷಗಟ್ಟಲೆ ಮೋರಿಗಳಲ್ಲಿ ಮೀನು ಮಾರುವವರೂ ಕಸ ಗುಡಿಸುವವರೂ ಇರಲೇಬೇಕು. ಅವರಿಗೆ ಪುಟವಿಲ್ಲ. ಇಂಥ ಪಟ್ಟಿಗಳು ಬಾಗಿಲ ಕಾಯುವವನಿದ್ದ ಹಾಗೆ, ಚಪ್ಪಲಿ ನೋಡಿ ಒಳಗೆ ಬಿಡುತ್ತವೆ. ಅವಳು ಮೊಬೈಲನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಕೊಟ್ಟಳು. "ಚಲೋ ಅದರಿ ಸರ್," ಅಂದಳು.

ಅಷ್ಟರಲ್ಲಿ ಸುದ್ದಿ ಆಳಂದ ಮುಟ್ಟಿತ್ತು. ಮನೀಷಾ ಕಾಲೇಜಿನ ಗುಂಪಿಗೆ ಹಾಕಿದ್ದು ಎಲ್ಲೆಲ್ಲೋ ತಿರುಗಿ ಜಗದೇವನ ವಾಟ್ಸಾಪಿಗೆ ಬಂದು ಬಿದ್ದಿತ್ತು. ಫೋನಿನಲ್ಲಿ ಅವನ ದನಿ ಏರಿತ್ತು.

"ಶೀಲಾ, ನೋಡಿದೇನು? ಅಶೋಕ ಧರ್ಮದೂತರನ್ನ ಕಳಿಸಿದ್ನಿಲ್ಲೋ, ಅದರಾಗ ನಮ್ಮ ಮೋರಿಯರು ಯಾರೋ ಜಪಾನಿಗೆ ಹೋಗಿ ಅಲ್ಲೇ ನಿಂತಾರ! ಇಲ್ಲದಿದ್ರ ಅದೇ ಹೆಸರು ಹೆಂಗ ಬರ್ತದ?"

"ಅಶೋಕ ಸತ್ತು ಎಂಟುನೂರು ವರ್ಷಕ್ಕ ಬುದ್ಧ ಜಪಾನಿಗೆ ಹೋಗ್ಯಾನಣ್ಣಾ."

"ಸಾವಕಾಶ ಹೋಗಿರಬೇಕು," ಅಂದ ಜಗದೇವ. "ನಾಡಿದ್ದು ಅವ್ವಗ ಕರಕೊಂಡು ಬರ್ತೇನಿ. ಕಾರ್ಯಕ್ರಮ ಮುಗಿದ ಮ್ಯಾಲ ಸಹಿದ್ದೂ ಒಂದು ತೀರ್ಮಾನ ಮಾಡೂಣು. ಅಫಿಡವಿಟ್ಟು ತರಾಕತ್ತೇನಿ."

ಸಮಾರಂಭದ ದಿನ ಸಭಾಭವನ ತುಂಬಿತ್ತು. ತುಂಬಲೇಬೇಕು, ಬಾರದವರಿಗೆ ಹಾಜರಿ ಇಲ್ಲ ಎಂದು ಹೇಳಲಾಗಿತ್ತು. ಹೊಸ ಬ್ಯಾನರಿನ ಮೇಲೆ "ಮೋರಿ" ಎಂಬುದು ಬುದ್ಧನ ಚಿತ್ರಕ್ಕಿಂತ ದೊಡ್ಡದಾಗಿ ಕುಳಿತಿತ್ತು. ಮೊದಲ ಸಾಲಿನ ಬಿಳಿ ಸೋಫಾದ ಮೇಲೆ ಸಾಬವ್ವನನ್ನು ಕೂಡಿಸಿದರು. ಅವಳು ಸೀರೆಯ ಸೆರಗು ತಲೆ ತುಂಬ ಹೊದ್ದು, ಸೋಫಾದ ತುದಿಗೆ, ಯಾವ ಕ್ಷಣದಲ್ಲಾದರೂ ಏಳಿಸಿಬಿಟ್ಟಾರು ಎನ್ನುವ ಹಾಗೆ ಕುಳಿತಳು. ಜಗದೇವ ಕೋಟು ಹಾಕಿಕೊಂಡು ಬಂದಿದ್ದ.

ಚಿಯೊ ಮೋರಿ ಅರವತ್ತು ದಾಟಿದ, ಕತ್ತರಿಸಿದ ಕೂದಲಿನ ಸಣ್ಣ ಹೆಂಗಸು. ಕಾಲಿಗೆ ಧೂಳು ಮೆತ್ತಿದ ಕ್ಯಾನ್ವಾಸ್ ಬೂಟು. ಜಯತೀರ್ಥರು ಅರ್ಧ ತಾಸು ಪರಿಚಯ ಮಾಡಿದರು. ಅತಿಥಿಯ ಕೆಲಸದ ಬಗ್ಗೆ ಅದರಲ್ಲಿ ಒಂದು ವಾಕ್ಯವೂ ಇರಲಿಲ್ಲ, ಪೂರಾ ಹೆಸರಿನದೇ ಮಹಾತ್ಮೆ. ಪ್ರಧಾನಿ ಬಂದ, ಪದಕದ ಗಣಿತಜ್ಞ ಬಂದ, ಸರದಾರರು ಕುದುರೆಯ ಸಮೇತ ಬಂದರು. "ಮೋರಿ ಎಂದರೆ ಕಾಡು! ಆ ಮಹಾ ಅರಣ್ಯದ ಒಂದು ಟೊಂಗೆ ನಮ್ಮ ಕಾಲೇಜಿನಲ್ಲೂ ಚಿಗುರಿದೆ. ಅವರೇ ನಮ್ಮ ಪಂಚಶೀಲಾ ಮೋರಿಯವರು!" ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು "ಮೋರಿ" ಅಂದರು, ನಾಲ್ಕು ಹುಡುಗರು ಕಿಸಕ್ಕೆಂದರು. ಪಂಚಶೀಲಾ ಆ ಹುಡುಗರನ್ನು ನೋಡಿದಳು. ಈ ವೇದಿಕೆಗಿಂತ ಅವರೇ ಮೇಲು. ಅವರಿಗೆ ಕಾಡಿಗೂ ಮೋರಿಗೂ ಫರಕು ಗೊತ್ತಿತ್ತು.

ಅತಿಥಿ ಎದ್ದು ನಿಧಾನವಾದ ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದಳು. ಕನ್ನಡಕ್ಕೆ ತಿರುಗಿಸಲು ಜಯತೀರ್ಥರು ಪಕ್ಕದಲ್ಲಿಯೇ ನಿಂತರು.

"ನನ್ನ ಹೆಸರಿನ ಬಗ್ಗೆ ಇಷ್ಟು ಹೇಳಿದಿರಿ, ಸಂತೋಷ," ಎಂದಳು ಆಕೆ. "ಆದರೆ ಅದು ನನ್ನದಲ್ಲ, ನನ್ನ ಗಂಡನದು. ಅವನನ್ನು ಬಿಟ್ಟು ಬಹಳ ವರ್ಷವಾಯಿತು. ಅಷ್ಟರಲ್ಲಿ ನನ್ನ ಪುಸ್ತಕಗಳ ಮೇಲೆ ಆ ಹೆಸರು ಅಚ್ಚಾಗಿಬಿಟ್ಟಿತ್ತು. ಗಂಡನನ್ನು ಬಿಡುವುದು ಸುಲಭ, ಪ್ರಕಾಶಕರನ್ನು ಒಪ್ಪಿಸುವುದು ಕಷ್ಟ."

ಜಯತೀರ್ಥರ ಮುಖ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಅವರು ಮೈಕಿಗೆ ಬಾಗಿ, "ತಮ್ಮ ಪತಿದೇವರ ಮನೆತನದ ಹೆಸರನ್ನು ಇವತ್ತಿಗೂ ಭಕ್ತಿಯಿಂದ ಧರಿಸಿದ್ದಾರೆ," ಎಂದರು. ಭಾರೀ ಚಪ್ಪಾಳೆ.

ಚಪ್ಪಾಳೆ ಯಾಕೆ ಎಂದು ತಿಳಿಯದೆ ಆಕೆಯೂ ನಕ್ಕಳು. "ಆ ಪ್ರಧಾನಿ, ಆ ಸರದಾರರು ನಮಗೆ ಏನೂ ಆಗಬೇಕಿಲ್ಲ. ನನ್ನ ಗಂಡನ ಹಿರಿಯರು ಕೂಲಿಯವರು. ಮೊದಲು ಅಂಥವರಿಗೆ ಅಡ್ಡಹೆಸರೇ ಇರಲಿಲ್ಲ. ಎಲ್ಲರೂ ಒಂದು ಹೆಸರು ಇಟ್ಟುಕೊಳ್ಳಲೇಬೇಕು ಎಂದು ಸರ್ಕಾರ ಕಾಯ್ದೆ ಮಾಡಿತು. ಗುಮಾಸ್ತ ಬಂದು, ನಿನ್ನ ಮನೆಯ ಹತ್ತಿರ ಏನಿದೆ ಎಂದು ಕೇಳಿದನಂತೆ. ಮನೆಯ ಹಿಂದೆ ಒಂದಿಷ್ಟು ಮರ ಇದ್ದವು. ಅದಕ್ಕೆ ಮೋರಿ."

"ಇವರ ಪೂರ್ವಜರು," ಎಂದು ಜಯತೀರ್ಥರು ಕಣ್ಣು ಮುಚ್ಚಿ ಹೇಳಿದರು, "ಮಹಾ ಅರಣ್ಯಗಳ ಒಡೆಯರಾಗಿದ್ದರು. ಸ್ವತಃ ಸರ್ಕಾರವೇ ಮನೆಗೆ ಬಂದು ಈ ಬಿರುದನ್ನು ಕೊಟ್ಟಿತು."

ಜಗದೇವ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅತಿಥಿ ಪಂಚಶೀಲಾಳ ಕಡೆ ತಿರುಗಿದಳು.

"ಈ ಟೀಚರೂ ಮೋರಿ ಎಂದರಲ್ಲ. ನಿಮ್ಮ ಮನೆಯ ಹತ್ತಿರ ಏನಿತ್ತು?"

"ಸೇಮ್, ಸೇಮ್! ಫಾರೆಸ್ಟ್!" ಅಂದುಬಿಟ್ಟರು ಜಯತೀರ್ಥರು.

ಪಂಚಶೀಲಾ ಎದ್ದು ಬಂದು ಅವರ ಕೈಯಿಂದ ಮೈಕು ತೆಗೆದುಕೊಂಡಳು. ಕಸಿದುಕೊಂಡಳು ಎಂದು ಆಮೇಲೆ ಅವರು ಹೇಳುತ್ತಾ ತಿರುಗಿದರು. ಅವರ ಹಿಡಿತ ಅಷ್ಟೇನೂ ಗಟ್ಟಿ ಇರಲಿಲ್ಲ.

"ಮೊದಲು ಸರ್ ಹೇಳಿದ್ದನ್ನ ತಿದ್ದತೇನಿ," ಎಂದು ಹುಡುಗರ ಕಡೆ ನೋಡಿ ಶುರು ಮಾಡಿದಳು. "ಈ ಮೇಡಂ ಗಂಡನ್ನ ಬಿಟ್ಟಾರ. ಅವ್ರ ಗಂಡನ ಹಿರೇರು ಕೂಲಿ ಮಾಡಾವ್ರು. ಮನಿ ಹಿಂದ ಗಿಡ ಇದ್ದವು, ಗುಮಾಸ್ತ ಗಿಡದ ಹೆಸರು ಬರದ. ಇಷ್ಟ ಅವರು ಹೇಳಿದ್ದು. ಇನ್ನ ನಮ್ಮದು. ನಮ್ಮದು ಕಾಡಲ್ಲ, ಮೌರ್ಯನೂ ಅಲ್ಲ. ನಿಮಗೆಲ್ಲಾ ಗೊತ್ತಿರೂ ಮೋರಿನ. ಮಣ್ಣೂರಾಗ ಮೇಲೋಣಿಯವರ ಮೈ ತೊಳದ ನೀರು ನಮ್ಮ ಬಾಗಿಲ ಮುಂದ ಹರೀತಿತ್ತು. ಹೊಲಸು ಅವ್ರದು, ಅದರ ಹೆಸರು ನಮಗ ಬಂತು." ಅದನ್ನೇ ಇಂಗ್ಲಿಷಿನಲ್ಲಿ ಅತಿಥಿಗೂ ಹೇಳಿದಳು.

ಕಿಸಕ್ಕೆಂದ ಹುಡುಗರು ಬೂಟು ನೋಡಿಕೊಂಡರು. ಅತಿಥಿ ತಲೆಯಾಡಿಸಿ, "ನಮ್ಮ ಗುಮಾಸ್ತನಿಗೆ ಮರ ಕಂಡವು, ಅದೃಷ್ಟ," ಎಂದಳು.

"ನಮ್ಮವನಿಗೆ ಕಣ್ಣಿಗಿಂತ ಮೂಗು ಚುರುಕಾಗಿತ್ತು," ಅಂದಳು ಪಂಚಶೀಲಾ.

ಆಕೆ ಗಟ್ಟಿಯಾಗಿ ನಕ್ಕಳು. ಅತಿಥಿ ನಕ್ಕದ್ದರಿಂದ ಮೊದಲ ಸಾಲಿನ ಗಣ್ಯರೂ ನಕ್ಕರು. ಹಿಂದಿನಿಂದ ಚಪ್ಪಾಳೆ ಎದ್ದಿತು, ಈ ಸಲ ಖರೆ ಚಪ್ಪಾಳೆ. ಜಯತೀರ್ಥರೂ ತಟ್ಟಿದರು. ಎಲ್ಲರೂ ತಟ್ಟುವಾಗ ತಾವೊಬ್ಬರೇ ತಟ್ಟದೆ ನಿಲ್ಲಲು ಬೇಕಾದ ಧೈರ್ಯವೂ ಅವರಲ್ಲಿ ಇರಲಿಲ್ಲ. ಅವರನ್ನು ಇಷ್ಟು ವರ್ಷ ದ್ವೇಷಿಸಿ ತಾನು ಎಷ್ಟೊಂದು ದ್ವೇಷ ದಂಡ ಮಾಡಿದೆನಲ್ಲ ಎಂದು ಅವಳಿಗೆ ಅನ್ನಿಸಿತು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಮೂವರೂ ಊಟಕ್ಕೆ ಕುಳಿತರು. ಜಗದೇವ ಕೋಟು ಕಳಚಿ ಕುರ್ಚಿಗೆ ಹಾಕಿದ್ದ. ರೊಟ್ಟಿ ಮುರಿಯುತ್ತಿದ್ದನೇ ಹೊರತು ತಿನ್ನುತ್ತಿರಲಿಲ್ಲ.

"ಇಜ್ಜತ್ ತೆಗದಿ. ಪೇಪರದವರ ಮುಂದ, ಅಷ್ಟು ಮಂದಿ ಮುಂದ. ಅವ್ರು ತಾವಾಗಿ ಕಾಡು ಅಂದಿದ್ರು. ನೀ ಸುಮ್ಮ ಕೂತಿದ್ರ ಸಾಕಿತ್ತು."

"ಸುಮ್ಮ ಕೂತು ಕೂತು ನೀ ಮೌರ್ಯ ಆಗಾಕ ಹೊಂಟಿ. ಇನ್ನೊಂದೀಟು ಕೂತಿದ್ರ ಜಪಾನದಂವ ಆಗ್ತಿದ್ದಿ."

"ಅವ್ವಾ, ಕೇಳು ಆಕಿ ಮಾತು."

ಪಂಚಶೀಲಾ ಅವ್ವನ ಮುಖ ನೋಡಿದಳು. ಎದೆ ಇನ್ನೂ ಚಪ್ಪಾಳೆಯಿಂದ ಬೆಚ್ಚಗಿತ್ತು. ಅವ್ವ ಈಗ ಅಣ್ಣನಿಗೆ ಎರಡು ಮಾತು ಹೇಳುತ್ತಾಳೆ, ಆ ಕಾಗದ ಮಡಚಿ ಅವನ ಜೇಬಿಗೇ ಹೋಗುತ್ತದೆ ಎಂದು ಅವಳು ಕಾದಳು.

ಸಾಬವ್ವ ಪುಂಡಿಪಲ್ಯೆ ಮುಗಿಸಿ, ತಾಟನ್ನು ಅತ್ತ ಸರಿಸಿ, ಎಡಗೈಯಿಂದ ಸೆರಗು ಸರಿ ಮಾಡಿಕೊಂಡಳು.

"ಜಗ್ಯಾ, ತಾ ಅದನ್ನ. ಎಲ್ಲಿ ಸಹಿ ಮಾಡಬೇಕು?"

ಜಗದೇವ ತನ್ನ ಕಿವಿ ತಾನೇ ನಂಬಲಿಲ್ಲ. ಪಂಚಶೀಲಾ, "ಯವ್ವಾ!" ಅಂದಳು.

"ಚೀರಬ್ಯಾಡ, ಮಂದಿ ಉಣ್ಣಾಕತ್ತಾರ," ಅಂದಳು ಸಾಬವ್ವ. "ಚಲೋ ಮಾತಾಡಿದಿ. ಖರೇನ ಮಾತಾಡಿದಿ. ನನಗೇನು ಸಿಟ್ಟಿಲ್ಲ. ಆದ್ರ ಶೀಲಿ, ನೀ ಹುಟ್ಟೂದ್ರಾಗ ನಾವು ಆ ಮನಿ ಬಿಟ್ಟಿದ್ವಿ. ನೀ ಆ ಮೋರಿ ಕಂಡಾಕೆಲ್ಲ. ಮಳಿ ಬಂದ್ರ ಅದು ಒಳಗ ಬರ್ತಿತ್ತು. ನಿಮ್ಮಪ್ಪ ಹೊರಸಿನ ಮ್ಯಾಲ ಕಾಲು ಮಡಚಿ ಕೂತು ಉಣ್ಣಾಂವ. ಒಲಿ ತೋಯತಿತ್ತು. ಇಂವ ಸಣ್ಣಾಂವ ಇದ್ದ, ಅದರಾಗ ಕೈ ಆಡಸ್ತಿದ್ದ, ಬಡದು ಬಡದು ಎತಗೋತಿದ್ದೆ. ಇವತ್ತ ನೀ ಮೈಕಿನಾಗ ಹೇಳಿದಿ, ಮಂದಿ ಚಪ್ಪಾಳಿ ಹೊಡದ್ರು. ನನಗ ಅಲ್ಲೇ ಕೂತಲ್ಲೇ ನಾತ ಬಂತು ನೋಡು. ಆ ಬಿಳಿ ಸೋಫಾದ ಮ್ಯಾಲ."

ಸಾಬವ್ವ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ನಿನಗ ಅದು ಹೆಸರು, ಶೀಲಿ. ನನಗಲ್ಲ."

ಪಂಚಶೀಲಾ ಉತ್ತರ ಹುಡುಕಿದಳು. ಅಣ್ಣನಿಗೆ, ಜಯತೀರ್ಥರಿಗೆ, ಮಣ್ಣೂರಿನ ಮಾಸ್ತರನಿಗೆ, ಆ ಗಣ್ಯರ ಪಟ್ಟಿಗೆ ಕೊಡಲು ಅವಳ ಬಾಯಲ್ಲಿ ಸದಾ ಒಂದು ತಿವಿಯುವ ಮಾತು ಸಿದ್ಧವಿರುತ್ತಿತ್ತು. ಈಗ ಅಂಥದ್ದು ಒಂದೂ ಒದಗಲಿಲ್ಲ. ಹಾಗೆ ಒದಗದೇ ಹೋದುದಕ್ಕೆ ತನ್ನ ಮೇಲೆಯೇ ತಿರಸ್ಕಾರ ಬಂತು. ಕಾಡಿನ ಹೆಸರು ಹೇಳಿಕೊಂಡು ವೇದಿಕೆ ಏರುವವರಿಗೂ ಮೋರಿಯ ಹೆಸರು ಹೇಳಿ ಚಪ್ಪಾಳೆ ತೆಗೆದುಕೊಂಡವಳಿಗೂ ನಡುವಿನ ಅಂತರ ಅವಳು ತಿಳಿದಷ್ಟು ಅಗಲ ಇರಲಿಲ್ಲವೇನೋ.

ಜಗದೇವ ಕಾಗದ ಹರಡಿದ. ಗೆದ್ದವನ ಉತ್ಸಾಹದಲ್ಲಿ, "ಇಲ್ಲಿ, ಯವ್ವಾ. ಸಾಬವ್ವ ಅಣ್ಣಾರಾಯ ಮೌರ್ಯ ಅಂತ ಬರಿ," ಅಂದ.

"ಮೌರ್ಯ ಅಂದ್ರ ಏನಲೇ?"

"ರಾಜರು ಯವ್ವಾ. ಇಡೀ ದೇಶ ಆಳಿದವರು."

ಸಾಬವ್ವ ಪೆನ್ನು ಹಿಡಿದು ಅರೆಗಳಿಗೆ ಯೋಚಿಸಿದಳು. "ಅವ್ರ ಮನಿ ಮೋರಿ ಯಾರ ಬಾಗಿಲ ಮುಂದ ಹರೀತಿತ್ತು?"

ವಕೀಲನಲ್ಲಿ ಅದಕ್ಕೆ ದಾಖಲೆ ಇರಲಿಲ್ಲ.

"ಹೋಗ್ಲಿ ಬಿಡು," ಎಂದು ಸಾಬವ್ವ ಬಗ್ಗಿದಳು. ರಾತ್ರಿಸಾಲೆಯಲ್ಲಿ ಕಲಿತ ಅಕ್ಷರ, ಒಂದೊಂದನ್ನೂ ಕೆಸರಲ್ಲಿ ಕಾಲು ಊರಿದ ಹಾಗೆ ಊರುತ್ತ ಬರೆಯಬೇಕು. ಔತ್ವ ಅವಳಿಗೆ ಬರಲಿಲ್ಲ, ಜಗದೇವ ಅಂಗೈ ಮೇಲೆ ಬರೆದು ತೋರಿಸಿದ.

"ನೀನೂ ಹಾಕಿಬಿಡು ಶೀಲಾ," ಅಂದ ಅವನು, ಈ ಸಲ ಮೆತ್ತಗೆ.

"ಇಲ್ಲಣ್ಣಾ."

"ಹಾಂಗಾದ್ರ ಮನ್ಯಾಗ ನೀ ಒಬ್ಬಾಕಿನ ಉಳೀತಿ."

"ಉಳೀತೇನಿ."

"ಹಟಮಾರಿ ಅದಾಳ, ಬಿಡು ಆಕಿನ್ನ," ಎಂದಳು ಸಾಬವ್ವ, ತಲೆ ಎತ್ತದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಾಗದ ಪಟಪಟ ಎದ್ದು ಅವಳ ಪೆನ್ನಿನ ಕೆಳಗಿಂದ ಜಾರುತ್ತಿತ್ತು. ಪಂಚಶೀಲಾ ಕೈ ಚಾಚಿ, ಅವ್ವ ಹೊಸ ಹೆಸರು ಬರೆದು ಮುಗಿಸುವ ತನಕ, ಅದರ ತುದಿಯನ್ನು ಒತ್ತಿ ಹಿಡಿದುಕೊಂಡಳು.